ಓಣಿ ಇಲ್ಲದ ಊರಲ್ಲಿ ಪಂಚಮಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಿಗೆ ದೀಪಾವಳಿಗಿಂತ ನಾಗರ ಪಂಚಮಿಯ ತೂಕ ಹೆಚ್ಚು. ಪರದೇಶದಲ್ಲಿ ದೀಪಾವಳಿಗೆ ಸಭಾಭವನ ಹಿಡಿದು ಊಟ ಹಾಕಿಸುವವರು ಸಿಗುತ್ತಾರೆ. ಪಂಚಮಿಯನ್ನು ನೀವೇ ಮಾಡಿಕೊಳ್ಳಬೇಕು. ಊರಲ್ಲಿ ಅಳ್ಳು, ಅಂದರೆ ಜೋಳದ ಅರಳು, ಭಟ್ಟಿಯಿಂದ ಬರುತ್ತಿತ್ತು, ಮಣ್ಣಿನ ನಾಗಪ್ಪ ಕುಂಬಾರರ ಮನೆಯಿಂದ. ಬೇವಿನ ಮರಕ್ಕೆ ಜೋಕಾಲಿಯ ಹಗ್ಗ ಹಾಕುವವರು ಓಣಿಯ ಹುಡುಗರು, ಉಂಡಿ ಕಟ್ಟಲು ಕೂರುವವರು ಆಜೂಬಾಜೂ ಮನೆಯ ಹೆಣ್ಣುಮಕ್ಕಳು. ನಾವು ‘ನಮ್ಮ ಮನೆಯ ಹಬ್ಬ’ ಅಂದುಕೊಂಡದ್ದರಲ್ಲಿ ಮನೆಯ ಪಾಲು ಎಷ್ಟು ಕಡಿಮೆ ಇತ್ತು ಅನ್ನುವುದು ಲೆಸ್ಟರ್‌ನಲ್ಲೋ ನ್ಯೂಜೆರ್ಸಿಯಲ್ಲೋ ಒಬ್ಬರೇ ಹಂಚು ಇಟ್ಟಾಗಲೇ ತಿಳಿಯುವುದು.

ಮೊದಲು ದಿನದ ಮಾತು. 2026ರಲ್ಲಿ ನಮ್ಮಲ್ಲಿ ಪಂಚಮಿ ಆಗಸ್ಟ್ 17, ಸೋಮವಾರ. ತಿಥಿಯ ಲೆಕ್ಕ ಆಯಾ ಊರಿನ ಸೂರ್ಯೋದಯದ ಮೇಲೆ ನಿಂತಿರುವುದರಿಂದ ಅಮೆರಿಕದಲ್ಲಿ ಹಬ್ಬ ಒಮ್ಮೊಮ್ಮೆ ಒಂದು ದಿನ ಮುಂಚೆಯೇ ಬೀಳುತ್ತದೆ; ಅಲ್ಲಿಯ ಪಂಚಾಂಗವನ್ನೇ ನೋಡಿ. ಹಾಲೆರೆಯುವುದಕ್ಕೆ ಅರ್ಧ ತಾಸು ಸಾಕು, ಕೆಲಸಕ್ಕೆ ಹೋಗುವ ಮುಂಚೆ ಮುಗಿಯುತ್ತದೆ. ಪಂಚಮಿಗೆ ಮುಂಚೆ ರೊಟ್ಟಿ ಹಂಚಿ ಉಣ್ಣುವ ರೊಟ್ಟಿ ಹಬ್ಬವನ್ನು ಹಿಂದಿನ ಶನಿವಾರಕ್ಕೆ ತಂದರೆ ಯಾವ ದೇವರೂ ಮುನಿಯುವುದಿಲ್ಲ, ಜನ ಮಾತ್ರ ಬರುತ್ತಾರೆ. ಬ್ರಿಟನ್ನಿನಲ್ಲಿ ಬೆಳಗಿನ ಏಳೂವರೆ ಅಂದರೆ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಹನ್ನೆರಡು. ‘ಅವ್ವನ ಪಾಲು, ಅಪ್ಪನ ಪಾಲು’ ಅಂತ ಹಾಲೆರೆಯುವಾಗ ಅವರನ್ನೂ ಫೋನಿನಲ್ಲಿ ಕೂರಿಸಿಕೊಳ್ಳಲು ಅದೇ ಒಳ್ಳೆಯ ಹೊತ್ತು. ನಾಗಪ್ಪನಿಗೆ ಕರಕುಶಲ ಅಂಗಡಿಯ ಕುಂಬಾರ ಮಣ್ಣು ಅರ್ಧ ಕಿಲೋ ಸಾಕು. ಅದನ್ನು ಆಳವಾದ ತಟ್ಟೆಯಲ್ಲಿಡಿ. ಇಲ್ಲದಿದ್ದರೆ ಹಾಲು ಹಸಿಮಣ್ಣನ್ನು ಕರಗಿಸಿಕೊಂಡು ಬಾಡಿಗೆ ಮನೆಯ ಕಾರ್ಪೆಟ್ಟಿಗೆ ಇಳಿಯುತ್ತದೆ.

ರೊಟ್ಟಿ ಕೆಡುವುದು ಹಿಟ್ಟಿನಿಂದ, ಕೈಯಿಂದಲ್ಲ. ಅಂಗಡಿಯ ಜೋಳದ ಹಿಟ್ಟು ಬೀಸಿ ತಿಂಗಳುಗಳಾಗಿರುತ್ತವೆ, ಜಿಗಿ ಹೋಗಿರುತ್ತದೆ, ಬಡಿಯುವಾಗ ಅಂಚು ಒಡೆಯುತ್ತದೆ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಹಿಟ್ಟನ್ನು ಹಿಡಿದಿಡುವುದು ಎಸರಿನ ಬಿಸಿಗೆ ಬೆಂದ ಪಿಷ್ಟ. ಆದ್ದರಿಂದ ಹಿಟ್ಟು ಹಳೆಯದಾದಷ್ಟೂ ಎಸರು ಚೆನ್ನಾಗಿ ಕುದಿಯಬೇಕು. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಕುದಿನೀರು ಹಾಕಿ, ಮುಚ್ಚಿ ಹತ್ತು ನಿಮಿಷ ಬಿಟ್ಟು ನಾದಿ. ಸಜ್ಜೆಯ ಕಥೆ ಬೇರೆ: ಅದರ ಎಣ್ಣೆಯಂಶದಿಂದ ಹಿಟ್ಟು ಬೇಗ ಕಮಟಾಗಿ ಕಹಿ ಬರುತ್ತದೆ. ಕಾಳು ತಂದು ಬೇಕಾದಷ್ಟೇ ಮಿಕ್ಸಿಗೆ ಹಾಕಿ, ಉಳಿದ ಹಿಟ್ಟು ಫ್ರೀಜರಿಗೆ. ಗುರೆಳ್ಳ ಹಿಂಡಿಗೆ (ಚಟ್ನಿಪುಡಿಗೆ) ಕಾಳು ಸಿಗಲಿಲ್ಲವೆಂದು ಹಕ್ಕಿಗಳ ಆಹಾರದ ಚೀಲದಿಂದ ಮಾತ್ರ ತೆಗೆಯಬೇಡಿ. ಕಾಳು ಅದೇ, ಆದರೆ ಮನುಷ್ಯರು ತಿನ್ನಲೆಂದು ಅದನ್ನು ಹಸನು ಮಾಡಿರುವುದಿಲ್ಲ. ಶೇಂಗಾ ಹಿಂಡಿ, ಮಡಿಕಿ ಕಾಳಿನ ಪಲ್ಯ, ಮೊಸರು ಇದ್ದರೆ ತಾಟು ತುಂಬಿತು. ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಊರಿಂದಲೇ ಒಯ್ಯಿರಿ. ಬೇರೆ ಪುಡಿಯಲ್ಲಿ ಆ ಬಣ್ಣ ಬರಿಸಲು ಹೋದರೆ ಖಾರ ಮೇಲಾಗುತ್ತದೆ.

ಅಳ್ಳಿಗೆ ಸಿಪ್ಪೆ ಸಮೇತದ ಇಡೀ ಜೋಳ ಬೇಕು. ಪಾಲಿಶ್ ಮಾಡಿದ್ದು ಅರಳುವುದಿಲ್ಲ, ಸಿಪ್ಪೆ ಹರಿದಲ್ಲಿಂದ ಉಗಿ ಸೋರಿಹೋಗುತ್ತದೆ. ಕಾಳಿಗೆ ನೀರು ಚಿಮುಕಿಸಿ, ರಾತ್ರಿಯಿಡೀ ಮುಚ್ಚಿಟ್ಟು, ಮೇಲಿನ ಪಸೆ ಒರೆಸಿ, ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ. ಹೊಗೆಗೆ ಅಲಾರಾಂ ಹೊಡೆದುಕೊಂಡರೆ ಕಿಟಕಿ ತೆಗೆಯಿರಿ, ಅಲಾರಾಂ ಕಳಚಬೇಡಿ.

ಶೇಂಗಾ ಉಂಡಿಗೆ ಪಾಕ ಬೇಡ. ಕೆಂಪು ಸಿಪ್ಪೆಯ ಹಸಿ ಶೇಂಗಾ ಅರ್ಧ ಕಿಲೋ ಓವನ್‌ನಲ್ಲಿ 160 ಡಿಗ್ರಿ ಸೆಲ್ಸಿಯಸ್‌ಗೆ ಇಪ್ಪತ್ತು-ಇಪ್ಪತ್ತೈದು ನಿಮಿಷ. ನಡುವೆ ಎರಡು ಸಲ ಕೈಯಾಡಿಸಿ. ಸಿಪ್ಪೆ ತಿಕ್ಕಿ, 350 ಗ್ರಾಂ ಹೆರೆದ ಬೆಲ್ಲ, ಯಾಲಕ್ಕಿ ಹಾಕಿ ಮಿಕ್ಸಿಯನ್ನು ಬಿಟ್ಟುಬಿಟ್ಟು ತಿರುಗಿಸಿದರೆ ಶೇಂಗಾದ ಎಣ್ಣೆಯೇ ಉಂಡಿ ಕಟ್ಟುತ್ತದೆ. ಪುಡಿಪುಡಿಯಾದರೆ ಒಂದು ಚಮಚ ಬಿಸಿ ತುಪ್ಪ. ಗುಳ್ಳಡಕಿ ಉಂಡಿಗೆ ಪಾಕ ಬೇಕೇ ಬೇಕು, ಇಲ್ಲಿಯೇ ಗಾಜಿನ ಒಲೆ ಮೋಸ ಮಾಡುವುದು: ಆರಿಸಿದ ಮೇಲೂ ಅದರ ಕಾವು ಪಾಕವನ್ನು ಮುಂದಕ್ಕೆ ಒಯ್ಯುತ್ತದೆ. ನೀರಿಗೆ ಬಿಟ್ಟ ಹನಿ ಗಟ್ಟಿ ಗುಂಡಾದ ಕ್ಷಣ ಪಾತ್ರೆಯನ್ನೇ ಒಲೆಯಿಂದ ಎತ್ತಿ. ಅಂಟಿನ ಉಂಡಿಗೆ ಕೊಬ್ಬರಿ ಬಟ್ಟಲನ್ನು ಊರಿಂದ ಒಯ್ಯುವ ಯೋಚನೆ ಬಿಡಿ. ಒಣಕೊಬ್ಬರಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿದೆ, ವಿಮಾನದಲ್ಲಿ ತಡೆಯುತ್ತಾರೆ. ಸಕ್ಕರೆ ಬೆರೆಸದ ಒಣ ಕೊಬ್ಬರಿ ತುರಿ ಅಲ್ಲಿಯೇ ಸಿಗುತ್ತದೆ.

ನಿಜವಾದ ಬದಲಾವಣೆ ಉಂಡಿ ಹಂಚುವಾಗಿನದು. ಓಣಿಯಲ್ಲಿ ಯಾರ ಮನೆಗೆ ಡಬ್ಬಿ ಹೋಗಬೇಕು, ಯಾರ ಮನೆಗೆ ಹೋಗುವುದಿಲ್ಲ ಅನ್ನುವುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಆ ತೀರ್ಮಾನದಲ್ಲಿ ಜಾತಿಯೂ ಇರುತ್ತಿತ್ತು ಅನ್ನುವುದನ್ನು ಮುಚ್ಚಿಡುವುದೇಕೆ? ಪರದೇಶದಲ್ಲಿ ಎದುರು ಬಾಗಿಲಿನವರ ಜಾತಿ ಗೊತ್ತಿಲ್ಲ, ಅವರಿಗೆ ಶೇಂಗಾ ತಿಂದರೆ ಉಸಿರು ಕಟ್ಟುತ್ತದೆಯೋ ಅನ್ನುವುದು ಗೊತ್ತಿರಲೇಬೇಕು. ಬ್ರಿಟನ್ನಿನ ಆಹಾರ ನಿಯಮ ಹೆಸರಿಸುವ 14 ಅಲರ್ಜಿ ಪದಾರ್ಥಗಳಲ್ಲಿ ಶೇಂಗಾ, ಎಳ್ಳು ಎರಡೂ ಇವೆ. ಅಮೆರಿಕದ ಪಟ್ಟಿಗೆ ಎಳ್ಳು ಸೇರಿದ್ದು 2023ರ ಜನವರಿಯಿಂದ ಜಾರಿಯಾಯಿತು. ನಮ್ಮ ತಾಟಿನಲ್ಲಿ ಇವೆರಡೂ ಇಲ್ಲದ ಮೂಲೆಯೇ ಇಲ್ಲ. ಡಬ್ಬಿಯ ಮೇಲೆ ಏನೇನು ಹಾಕಿದೆ ಬರೆದು ಅಂಟಿಸಿ. ರವೆ ಉಂಡಿಯನ್ನು ಮೊದಲು ಕಟ್ಟಿ, ಬೇರೆ ಪಾತ್ರೆ, ಬೇರೆ ಚಮಚ. ಶೇಂಗಾ ಮುಟ್ಟಿದ ಮಿಕ್ಸಿಯಿಂದ ಅದನ್ನು ದೂರ ಇಡಿ. ಮಕ್ಕಳ ಶಾಲೆಗೆ ಕೇಳದೆ ಏನನ್ನೂ ಕಳಿಸಬೇಡಿ. ‘ತಿನ್ರೀ, ತಿನ್ರೀ, ಒಂದಕ್ಕ ಏನೂ ಆಗೂದಿಲ್ಲ’ ಅನ್ನುವ ನಮ್ಮ ಪ್ರೀತಿಗೆ ಅಲ್ಲಿ ಜಾಗವಿಲ್ಲ. ಹೀಗೆ ಕೇಳಿ ಕೊಡುವ ರೂಢಿ ಬಿದ್ದವರು ಊರಿಗೆ ಬಂದಾಗ ಸಕ್ಕರೆ ಕಾಯಿಲೆಯ ಕಾಕಾನ ತಾಟಿಗೆ ಉಂಡಿ ಹಾಕುವ ಮುಂಚೆಯೂ ಕೇಳುತ್ತಾರೆ. ಮನೆಯವರಿಗೆ ಅದು ಬಿಂಕದಂತೆ ಕಾಣುವುದೂ ಉಂಟು.

ಜೋಕಾಲಿಗೆ ಅನುಮತಿಯಿಲ್ಲದೆ ಪಾರ್ಕಿನ ಮರ ಹಿಡಿಯಬೇಡಿ. ಸ್ವಂತ ಹಿತ್ತಲಿದ್ದರೆ ತೊಡೆಗಿಂತ ದಪ್ಪನೆಯ, ಒಣಗದ ಅಡ್ಡಕೊಂಬೆ ನೋಡಿ, ಹಗ್ಗದ ಬದಲು ಅಗಲ ಪಟ್ಟಿ ಸುತ್ತಿ, ಸಿಪ್ಪೆ ಸುಲಿಯುವುದಿಲ್ಲ. ಭಾರದ ಲೆಕ್ಕವನ್ನು ಕೂತವರ ತೂಕಕ್ಕೆ ನಿಲ್ಲಿಸಬೇಡಿ: 60 ಡಿಗ್ರಿವರೆಗೆ ಜೀಕಿದರೆ ಕೆಳಗೆ ಬರುವಾಗ ಹಗ್ಗದ ಮೇಲೆ ಎರಡು ಪಟ್ಟು, 90ಕ್ಕೆ ಮೂರು ಪಟ್ಟು ಬೀಳುತ್ತದೆ. 70 ಕಿಲೋದ ಇಬ್ಬರು ಎದುರುಬದುರು ನಿಂತು ಊರಿನ ಹಾಗೆ ಜೀಕಿದರೆ 400 ಕಿಲೋ ದಾಟುತ್ತದೆ. ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ವ್ಯಾಯಾಮದ ಸರಳು ಇದಕ್ಕೆ ಆಗದು.