ಹೊಸ್ತಿಲುಗಳನ್ನು ಎಣಿಸುತ್ತಾ ಒಂದು ಪ್ರಯಾಣ

ಮನೆ ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ನಾನೂರು ಮೀಟರ್. ಅಲ್ಲಿಂದ ಬಸ್ಸು, ಬಸ್ಸಿಳಿದು ಮೆಟ್ರೊ, ಮೆಟ್ರೊ ಇಳಿದು ಮತ್ತೆ ಫುಟ್‌ಪಾತು. ಹೊರಟವರು ಇಬ್ಬರು: ಒಬ್ಬರು ತಾವೇ ಕೈಯಿಂದ ತಿರುಗಿಸಿಕೊಳ್ಳುವ ಗಾಲಿಕುರ್ಚಿಯಲ್ಲಿ, ಇನ್ನೊಬ್ಬರು ಬಿಳಿಕೋಲು ಹಿಡಿದು. ಇಂಥ ಪ್ರಯಾಣವನ್ನು ಕಿಲೋಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ, ಹೊಸ್ತಿಲುಗಳಲ್ಲಿ ಎಣಿಸಬೇಕು. ಬಸ್ಸು ಚೆನ್ನಾಗಿದ್ದು ನಿಲ್ದಾಣ ಕೆಟ್ಟದ್ದಾದರೆ, ನಿಲ್ದಾಣವೂ ಚೆನ್ನಾಗಿದ್ದು ಅಲ್ಲಿಗೆ ಹೋಗುವ ದಾರಿಯೇ ಇಲ್ಲದಿದ್ದರೆ, ಹೊರಟವರು ಮನೆಗೇ ವಾಪಸ್ಸು.

ಮೊದಲ ಹೊಸ್ತಿಲು ಫುಟ್‌ಪಾತಿನ ಅಂಚು. ಎತ್ತರ 15 ಸೆಂ.ಮೀ. ಇಳಿಜಾರಿಗೆ ಎಲ್ಲೆಡೆ ಬಳಸುವ ಲೆಕ್ಕ 1:12. ಅಂದರೆ 15 ಸೆಂ.ಮೀ. ಏರಲು 1.8 ಮೀಟರ್ ಉದ್ದದ ಇಳಿಜಾರು ಬೇಕು. ಈ ಮೂಲೆಯಲ್ಲಿದ್ದದ್ದು 60 ಸೆಂ.ಮೀ. ಉದ್ದದ ಸಿಮೆಂಟ್ ದಿಣ್ಣೆ, ಅಂದರೆ 1:4. ಅದನ್ನು ಏರುವಾಗ ಮೈಭಾರ ಹಿಂದಿನ ಗಾಲಿಗಳನ್ನು ದಾಟಿ ಹಿಂದಕ್ಕೆ ಸರಿಯುತ್ತದೆ, ಮುಂದಿನ ಪುಟ್ಟ ಗಾಲಿಗಳು ನೆಲ ಬಿಡುತ್ತವೆ, ಕುರ್ಚಿ ಹಿಂದಕ್ಕೆ ಮಗುಚಲು ಅಷ್ಟು ಸಾಕು. ಮುಂದಕ್ಕೆ ಬಾಗಿ ಕೂತು, ಹಿಂದಿನಿಂದ ಒಬ್ಬರು ಆಸರೆ ಕೊಟ್ಟು ಏರಬೇಕಾಯಿತು. ಇಲ್ಲಿ ಸಹಾಯಕ್ಕೆ ಬರುವವರಿಗೆ ಒಂದು ಮಾತು: ಕೇಳದೆ ತಳ್ಳಬೇಡಿ, ಕೈಯಾಸರೆ ಹಿಡಿದು ಎತ್ತಬೇಡಿ. ಎಷ್ಟೋ ಕುರ್ಚಿಗಳಲ್ಲಿ ಕೈಯಾಸರೆ ಕಳಚಿ ತೆಗೆಯುವಂಥದ್ದು, ಎತ್ತಿದರೆ ಅದೊಂದೇ ಕೈಗೆ ಬರುತ್ತದೆ. ಹಿಡಿಯಬೇಕಾದದ್ದು ಬೆಸುಗೆ ಹಾಕಿದ ಚೌಕಟ್ಟನ್ನು.

ಇಳಿಜಾರು ಸರಿಯಿದ್ದರೂ ಅದು ರಸ್ತೆಗೆ ಕೂಡುವ ಜಾಗದಲ್ಲಿ ಡಾಂಬರಿನ ಒಂದು ತುಟಿ ಉಳಿದಿರುತ್ತದೆ. 6 ಮಿ.ಮೀ.ವರೆಗಿನ ನೇರ ಏರು ಪರವಾಗಿಲ್ಲ, 13 ಮಿ.ಮೀ.ವರೆಗೆ ಅಂಚನ್ನು ಓರೆಯಾಗಿ ಸವರಿದರೆ ನಡೆಯುತ್ತದೆ. ಅದಕ್ಕೂ ಮೇಲಾದರೆ ಮುಂದಿನ ಗಾಲಿ ಢಿಕ್ಕಿ ಹೊಡೆದು ನಿಂತು, ಕೂತವರ ಮೈ ಮುಂದಕ್ಕೆ ಬೀಳುತ್ತದೆ. ಚರಂಡಿ ಮೇಲಿನ ಕಬ್ಬಿಣದ ಜಾಲರಿಯದೂ ಇದೇ ಕಥೆ. ಸೀಳು 13 ಮಿ.ಮೀ.ಗಿಂತ ಅಗಲವಿರಬಾರದು, ನಡೆಯುವ ದಿಕ್ಕಿಗೆ ಅಡ್ಡಲಾಗಿರಬೇಕು. ಉದ್ದಕ್ಕೆ ಕೂರಿಸಿದ ಜಾಲರಿ ಪುಟ್ಟ ಗಾಲಿಯನ್ನೂ ನುಂಗುತ್ತದೆ, ಬಿಳಿಕೋಲಿನ ತುದಿಯನ್ನೂ.

ಆದರೆ ಅಂಚನ್ನು ಪೂರ್ತಿ ಸಪಾಟು ಮಾಡಿದರೆ ಜೊತೆಗಾರರಿಗೆ ಅಪಾಯ. ಕಣ್ಣು ಕಾಣದವರಿಗೆ ಫುಟ್‌ಪಾತ್ ಮುಗಿದು ರಸ್ತೆ ಶುರುವಾಯಿತೆಂದು ತಿಳಿಸುತ್ತಿದ್ದದ್ದೇ ಆ ಮೆಟ್ಟಿಲು. ಒಬ್ಬರ ಅಡಚಣೆ ಇನ್ನೊಬ್ಬರ ಗುರುತು. ಈ ಗಂಟು ಬಿಡಿಸಿದ್ದು ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ ಉಬ್ಬು ಟೈಲ್ಸ್. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಬಳಿ ಮೊದಲು ಹಾಸಿದರು. ಅದರ ಭಾಷೆಯಲ್ಲಿರುವುದು ಎರಡೇ ಅಕ್ಷರ: ಉದ್ದ ಗೆರೆ ಎಂದರೆ ನಡೆ, ಗುಂಡು ಚುಕ್ಕೆ ಎಂದರೆ ನಿಲ್ಲು, ಎಚ್ಚರ. ಚುಕ್ಕೆಯ ಎತ್ತರ ಸುಮಾರು 5 ಮಿ.ಮೀ., ಪಾದಕ್ಕೂ ಕೋಲಿಗೂ ತಿಳಿಯುವಷ್ಟು. ಹಾಸುವವರಿಗೆ ಈ ಅಕ್ಷರ ಗೊತ್ತಿಲ್ಲದಿದ್ದರೆ ಟೈಲ್ಸ್ ಅಲಂಕಾರವಾಗುತ್ತದೆ. ಈ ದಾರಿಯಲ್ಲಿ ಗೆರೆ ಟೈಲ್ಸ್ ನೇರವಾಗಿ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟಿತ್ತು. ಮುಂದೆ ತಿರುವಿನಲ್ಲಿ ಚುಕ್ಕೆ ಇರಬೇಕಾದ ಕಡೆ ಗೆರೆ. ಬಣ್ಣವೂ ನೆಲದ್ದೇ ಬೂದು. ಹಳದಿ ಬಳಿಯುವುದು ಚಂದಕ್ಕಲ್ಲ. ಕಣ್ಣು ಮಂಜಾದವರಲ್ಲಿ ಬಹಳ ಜನ ಕೋಲು ಹಿಡಿಯುವುದಿಲ್ಲ, ಅವರು ಆ ಬಣ್ಣದ ವ್ಯತ್ಯಾಸವನ್ನೇ ನಂಬಿ ನಡೆಯುತ್ತಾರೆ.

ಬಸ್ಸಿನ ಬಾಗಿಲಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಬಂದದ್ದು ತಗ್ಗು ನೆಲದ ಬಸ್ಸು. ಗಾಲಿಗಳ ಮೇಲಿನ ಗಾಳಿಚೀಲದಿಂದ ಗಾಳಿ ಬಿಟ್ಟು, ಮಂಡಿಯೂರಿದಂತೆ ತಗ್ಗಿದಾಗ ಅದರ ನೆಲ ರಸ್ತೆಯಿಂದ 33 ಸೆಂ.ಮೀ. ಮೇಲಿತ್ತು. ಬಾಗಿಲಲ್ಲಿ ಮಡಚಿಟ್ಟ ಹಲಗೆಯ ಉದ್ದ 1.1 ಮೀಟರ್. ಬಸ್ಸು 15 ಸೆಂ.ಮೀ. ಎತ್ತರದ ಫುಟ್‌ಪಾತಿಗೆ ಒತ್ತಿ ನಿಂತರೆ ಉಳಿಯುವ ಏರು 18 ಸೆಂ.ಮೀ., ಇಳಿಜಾರು ಸುಮಾರು 1:6. ಕಷ್ಟವಾದರೂ ಏರಬಹುದು. ಚಾಲಕರು ಒಂದೂವರೆ ಮೀಟರ್ ಆಚೆ, ರಸ್ತೆಯಲ್ಲೇ ನಿಲ್ಲಿಸಿದರೆ ಹಲಗೆ ಡಾಂಬರಿಗೆ ಇಳಿಯುತ್ತದೆ, ಇಳಿಜಾರು 1:3 ಆಗುತ್ತದೆ. ಯಾವ ತೋಳಬಲವೂ ಅಲ್ಲಿ ಸಾಲದು. ಬಸ್ಸು ಅದೇ, ಹಲಗೆಯೂ ಅದೇ. ಕೆಟ್ಟದ್ದು ನಿಂತ ಜಾಗ ಮಾತ್ರ.

ಚಾಲಕರನ್ನು ಬಯ್ದರೆ ಇದು ಸರಿಹೋಗದು. ನಿಲ್ದಾಣದ ಮುಂದೆ ವಾಹನ ನಿಂತಿದ್ದರೆ ಬಸ್ಸು ಅಂಚಿಗೆ ಬರುವುದೇ ಅಸಾಧ್ಯ. ರಸ್ತೆಯಿಂದ ಒಳಕ್ಕೆ ಕೊರೆದ ಬಸ್ ಕೊಲ್ಲಿಗಳಲ್ಲಿ ಇನ್ನೂ ಕಷ್ಟ, ಉದ್ದದ ಬಸ್ಸು ಓರೆಯಾಗಿ ನುಗ್ಗಿ ಹಿಂಬಾಗಿಲು ದೂರವೇ ಉಳಿಯುತ್ತದೆ. ಫುಟ್‌ಪಾತನ್ನೇ ರಸ್ತೆಗೆ ಚಾಚಿ, ಬಸ್ಸು ನೇರ ಸಾಲಿನಲ್ಲೇ ನಿಲ್ಲುವಂತೆ ಕಟ್ಟುವುದು ಮೇಲು. ಜರ್ಮನಿಯ ಕಾಸೆಲ್ ನಗರದ ಹೆಸರಿನ ಅಂಚುಕಲ್ಲು ಇನ್ನೊಂದು ಉಪಾಯ: ಮುಖ ಒಳಕ್ಕೆ ಬಾಗಿದ ನಯವಾದ ಕಲ್ಲು, ಟಯರು ಅದಕ್ಕೆ ತಾಗಿ ಜಾರುತ್ತಾ ಬಸ್ಸನ್ನು ತಾನೇ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಬ್ರೆಜಿಲ್ಲಿನ ಕುರಿತಿಬಾದಲ್ಲಿ 1991ರಿಂದ ಕೊಳವೆಯಾಕಾರದ ನಿಲ್ದಾಣಗಳನ್ನು ಬಸ್ಸಿನ ನೆಲದ ಎತ್ತರಕ್ಕೇ ಕಟ್ಟಿದರು. ಅಲ್ಲಿ ಬಸ್ಸೇರುವ ಮೊದಲೇ ಏರು ಮುಗಿದಿರುತ್ತದೆ.

ಒಳಗೆ ಗಾಲಿಕುರ್ಚಿಯ ಜಾಗ 75 ಸೆಂ.ಮೀ. ಅಗಲ, 1.3 ಮೀಟರ್ ಉದ್ದ. ಕುರ್ಚಿ ಬಸ್ಸಿನ ಹಿಂಭಾಗಕ್ಕೆ ಮುಖ ಮಾಡಿ, ದಪ್ಪ ಒರಗುಫಲಕಕ್ಕೆ ಬೆನ್ನು ತಾಗಿಸಿ ನಿಲ್ಲಬೇಕು. ಮೊದಲ ಸಲ ಕಂಡವರಿಗೆ ವಿಚಿತ್ರ, ಕಾರಣ ಮಾತ್ರ ಗಟ್ಟಿ: ಜೋರಾಗಿ ಬ್ರೇಕ್ ಹಾಕಿದಾಗ ಮೈ ಫಲಕಕ್ಕೇ ಒತ್ತುತ್ತದೆ, ಬೆಲ್ಟ್ ಕಟ್ಟುವ ನಾಲ್ಕು ನಿಮಿಷ ಉಳಿಯುತ್ತದೆ. ಕುರ್ಚಿಗೂ ಫಲಕಕ್ಕೂ ನಡುವೆ ಚೀಲ ತೂಗುಹಾಕಿದರೆ ಆ ಆಸರೆ ಹೋಯಿತು.

ಬಿಳಿಕೋಲಿನವರಿಗೆ ಬಸ್ಸಿನ ಹೊರಗೂ ಧ್ವನಿ ಬೇಕು, ಬಂದದ್ದು ಯಾವ ಬಸ್ಸೆಂದು ತಿಳಿಯಲು. ಒಳಗಿನ ಧ್ವನಿಯಷ್ಟೇ ಇದ್ದರೆ ತಪ್ಪು ಬಸ್ಸು ಹತ್ತಿದ ಮೇಲೆ ತಪ್ಪು ತಿಳಿಯುತ್ತದೆ. ಕಿವಿ ಕೇಳದವರಿಗೆ ಅದೇ ಮಾತು ಪರದೆಯ ಮೇಲೆ ಬರಬೇಕು. ಮಾರ್ಗ ಬದಲಾದಾಗ ಬಾಯಲ್ಲಿ ಹೇಳಿ ಪರದೆಯನ್ನು ಹಾಗೇ ಬಿಡುವುದು ಎಲ್ಲೆಡೆ ಆಗುವ ತಪ್ಪು. ಓದಲು ಬಾರದವರನ್ನೂ ಮರೆಯಬಾರದು. ಮೆಕ್ಸಿಕೊ ನಗರದ ಮೆಟ್ರೊ 1969ರಲ್ಲಿ ಶುರುವಾದಾಗಿನಿಂದ ಪ್ರತಿ ನಿಲ್ದಾಣಕ್ಕೂ ಒಂದೊಂದು ಚಿತ್ರ ಇಟ್ಟುಕೊಂಡಿದೆ. ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಅದು ದೊಡ್ಡ ಆಸರೆ.

ಮೆಟ್ರೊ ನಿಲ್ದಾಣದಲ್ಲಿ ಲಿಫ್ಟಿನ ಒಳಗಳತೆ 1.1 ಮೀಟರಿಗೆ 1.4 ಮೀಟರ್. ಕುರ್ಚಿ ಹಿಡಿಸುತ್ತದೆ, ತಿರುಗಲಾಗದು, ಹಿಂದಕ್ಕೇ ಹೊರಬರಬೇಕು. ಎದುರು ಗೋಡೆಗೆ ಕನ್ನಡಿ ಇರುವುದು ಅದಕ್ಕೇ, ಬಾಗಿಲಾಚೆ ಯಾರಿದ್ದಾರೆಂದು ನೋಡಲು. ದುರಸ್ತಿಯಲ್ಲಿ ಕನ್ನಡಿ ತೆಗೆದು ಜಾಹೀರಾತು ಅಂಟಿಸಿದವರಿಗೆ ಇದು ಹೊಳೆದಿರಲಿಲ್ಲ. ಪ್ಲಾಟ್‌ಫಾರ್ಮಿಗೆ ಒಂದೇ ಲಿಫ್ಟ್ ಇದ್ದರೆ ಅದು ಕೆಟ್ಟ ದಿನ ನಿಲ್ದಾಣವೇ ಇಲ್ಲದಂತೆ. ಲಿಫ್ಟ್ ಕೆಟ್ಟಿದೆಯೆಂಬ ಸುದ್ದಿ ಅದರ ಬಾಗಿಲಲ್ಲಿ ತೂಗಿದರೆ ಸಾಲದು; ಹಿಂದಿನ ನಿಲ್ದಾಣದಲ್ಲಿ, ರೈಲಿನೊಳಗೆ ತಿಳಿಯಬೇಕು, ಇಳಿದ ಮೇಲೆ ತಿಳಿದು ಮಾಡುವುದೇನು?

ರೈಲಿನ ಬಾಗಿಲಲ್ಲಿ ಕೊನೆಯ ದೊಡ್ಡ ಹೊಸ್ತಿಲು. ಹೊಸ ಮಾರ್ಗಗಳಿಗೆ ಅಮೆರಿಕದ ನಿಯಮ ಅಡ್ಡ ಸಂದು 76 ಮಿ.ಮೀ., ಎತ್ತರದ ವ್ಯತ್ಯಾಸ 16 ಮಿ.ಮೀ. ಮೀರಬಾರದೆನ್ನುತ್ತದೆ. ಕಟ್ಟಿದ ದಿನ ಸರಿಯಿದ್ದದ್ದು ಆಮೇಲೆ ಕೆಡುತ್ತದೆ. ಚಕ್ರ ಸವೆದು ವ್ಯಾಸ 70 ಮಿ.ಮೀ. ಕಡಿಮೆಯಾದರೆ ಬೋಗಿಯ ನೆಲ 35 ಮಿ.ಮೀ. ತಗ್ಗುತ್ತದೆ, ತಗ್ಗಿದಷ್ಟು ದಪ್ಪದ ಪಟ್ಟಿಯನ್ನು ಬೋಗಿಯ ಕೆಳಗೆ ಇಟ್ಟು ಎತ್ತರಿಸುತ್ತಾ ಇರಬೇಕು. ಜಲ್ಲಿ ಹಾಸಿದ ಹಳಿಯಾದರೆ, ಅಡಿಗೆ ಜಲ್ಲಿ ತುರುಕಿ ಬಿಗಿ ಮಾಡಿದಾಗೆಲ್ಲ ಹಳಿಯೇ ಮೇಲೇಳುತ್ತದೆ. ತಿರುವಿನ ಪ್ಲಾಟ್‌ಫಾರ್ಮ್ ಇದ್ದರಂತೂ ನೇರ ಬೋಗಿಯ ನಡುವೆಯೋ ತುದಿಯಲ್ಲೋ ಸಂದು ಬಾಯ್ದೆರೆದೇ ಇರುತ್ತದೆ. ಅಂಚಿಗೆ ರಬ್ಬರ್ ಹಲ್ಲುಪಟ್ಟಿ ಕೂರಿಸಿದರೆ ಸಂದು ತುಂಬುತ್ತದೆ, ರೈಲು ತಾಗಿದರೂ ಬಾಗುತ್ತದೆ. ಇಲ್ಲಿ ಸಿಬ್ಬಂದಿ ಕೈಹಲಗೆ ತಂದು ಹತ್ತಿಸಿದರು. ಹತ್ತಿಸುವುದು ಅರ್ಧ ಕೆಲಸ. ಇಳಿಯುವ ನಿಲ್ದಾಣಕ್ಕೆ ರೈಲು, ಬೋಗಿ, ಬಾಗಿಲಿನ ಸಂಖ್ಯೆ ಹೇಳಿ, ಅತ್ತಲಿನವರು ಕೇಳಿಸಿಕೊಂಡೆವು ಎಂದ ಮೇಲೇ ರೈಲು ಬಿಡಬೇಕು. ಆ ಒಂದು ಕರೆ ತಪ್ಪಿದರೆ ಪ್ರಯಾಣಿಕರು ಇಳಿಯಲಾಗದೆ ಮುಂದಕ್ಕೆ ಹೋಗುತ್ತಾರೆ. ಈ ಸಲ ಕರೆ ಹೋಗಿತ್ತು, ಹಲಗೆ ಹಿಡಿದು ಒಬ್ಬರು ಕಾದಿದ್ದರು.

ಹೊರಡುವ ಮುನ್ನ ನಿಲ್ದಾಣದ ಶೌಚಾಲಯ. ಬಾಗಿಲು ಹೊರಕ್ಕೆ ತೆರೆಯುತ್ತಿತ್ತು, ಅದು ಸರಿ; ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಬಾರದು. ಕುರ್ಚಿ ತಿರುಗಲು 1.5 ಮೀಟರ್ ಜಾಗವೂ ಇತ್ತು. ಆದರೆ ತುರ್ತು ಕರೆಯ ಕೆಂಪು ಹಗ್ಗವನ್ನು ನೆಲ ಒರೆಸುವಾಗ ಅಡ್ಡಿಯೆಂದು ಯಾರೋ ಸುತ್ತಿ, ಎದೆಯೆತ್ತರದಲ್ಲಿ ಗಂಟು ಹಾಕಿದ್ದರು. ಅದನ್ನು ಎಳೆಯಬೇಕಾದವರು ನೆಲದ ಮೇಲೆ ಬಿದ್ದಿರುತ್ತಾರೆ. ಹಲಗೆ ತಂದ ಸಿಬ್ಬಂದಿಗೆ ತೋರಿಸಿದಾಗ ಅವರೇ ಒಳಬಂದು ಗಂಟು ಬಿಚ್ಚಿದರು, ಹಗ್ಗ ನೆಲದಿಂದ 10 ಸೆಂ.ಮೀ. ಮೇಲಕ್ಕೆ ಇಳಿದು ನಿಂತಿತು.