ಹಾರ್ಮೋನಿಯಂ ಮೇಲೆ ‘ಪಾಕೀಜಾ’: ಮುಜ್ರಾ ಮುಗಿಯುತ್ತ ಬಂತು, ಠುಮ್ರಿ ಬಾಕಿ

‘ಪಾಕೀಜಾ’ (1972) ಅನ್ನೋ ಹಿಂದಿ ಚಿತ್ರದ ಹಾಡುಗಳಿಗೆ ಸ್ವರ ಬರೆದು ನುಡಿಸೋ ಕೆಲಸ ಅರ್ಧ ದಾಟಿದೆ. ಮುಜ್ರಾ ಅಂದರೆ ಕೋಠಾದಲ್ಲಿ, ಅಂದರೆ ನರ್ತಕಿಯರ ಮನೆಯಲ್ಲಿ, ಕುಣಿಯೋ ಹಾಡು; ಠುಮ್ರಿ ಹಿಂದೂಸ್ತಾನಿಯ ಲಘು ಶಾಸ್ತ್ರೀಯ ಹಾಡು.

‘ಇನ್ಹೀ ಲೋಗೋಂ ನೇ’ ಎಲ್ಲಕ್ಕಿಂತ ಬೇಗ ಕೈಗೆ ಹತ್ತಿತು. ಯಮನ್ ರಾಗ. ಕರ್ನಾಟಕ ಸಂಗೀತದಲ್ಲಿ ಅದಕ್ಕೆ ಹತ್ತಿರದ ಕಲ್ಯಾಣಿ ನುಡಿಸಿ ರೂಢಿಯಿರೋ ಬೆರಳಿಗೆ ದಾರಿ ಹೊಸದೇನಲ್ಲ. ಆದರೆ ಸ್ವರವೆಲ್ಲ ಸರಿ ಬಿದ್ದರೂ ಕೇಳೋಕೆ ಶನಿವಾರದ ಭಜನೆ ಥರ ಇತ್ತು. ಮತ್ತೆ ಮತ್ತೆ ಕೇಳಿದ ಮೇಲೆ ಕಾರಣ ಸಿಕ್ಕಿತು. ಚಿತ್ರದ ಸಂಗೀತ ನಿರ್ದೇಶಕ ಗುಲಾಮ್ ಮಹಮ್ಮದ್ ಮೂಲತಃ ತಬಲಾ, ಢೋಲಕ್ಕಿನವರು. ಸಂಗೀತ ನಿರ್ದೇಶಕ ನೌಷಾದ್ ಹತ್ತಿರ ವರ್ಷಗಟ್ಟಲೆ ಸಹಾಯಕರಾಗಿದ್ದವರು. ಲತಾ ಸಾಲು ಮುಗಿಸಿ ಉಸಿರು ತಗೊಳ್ಳೋ ಜಾಗದಲ್ಲೆಲ್ಲ ತಬಲಾ ಬಾಯಿ ಹಾಕುತ್ತೆ. ಹಾಡಿನ ಒನಪು ಇರೋದೇ ಅಲ್ಲಿ. ಹಾಗಾಗಿ ಈಗ ಪ್ರತಿ ಸ್ವರಸಾಲಿನ ಕೆಳಗೆ ತಬಲಾಕ್ಕೆ ಒಂದು ಸಾಲು ಬಿಟ್ಟು ಬರೀತಿದ್ದೀನಿ. ಪುಸ್ತಕ ದಪ್ಪ ಆಗ್ತಿದೆ, ಆಗಲಿ. (ಇದರ ಪಲ್ಲವಿ ಈ ಚಿತ್ರಕ್ಕಿಂತ ಹಳೆಯದು. 1941ರ ‘ಹಿಮ್ಮತ್’ನಲ್ಲೇ ಶಂಶಾದ್ ಬೇಗಂ ಹಾಡಿದ್ದಾರೆ.)

‘ಠಾಡೇ ರಹಿಯೋ’ ಇನ್ನೂ ಸತಾಯಿಸುತ್ತಿದೆ. ಮಾಂಡ್ ರಾಗ, ರಾಜಸ್ಥಾನದ್ದು. ಗುಲಾಮ್ ಮಹಮ್ಮದ್ ಕೂಡ ಬಿಕಾನೇರ್ ಕಡೆಯವರೇ. ತಾಳವಿಲ್ಲದ ಆರಂಭದ ಸಾಲುಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡೇ ಹೋಗಬೇಕು. ಹಾರ್ಮೋನಿಯಂನಲ್ಲಿ ಜಾರೋದು ಎಲ್ಲಿಂದ ಬರಬೇಕು? ಪಕ್ಕದ ಮನೆಗಳನ್ನು (ವಾದ್ಯದ ಕೀಲಿಗಳನ್ನು) ತಟ್ಟಿ, ತಿದಿ ಸಡಿಲ ಬಿಟ್ಟು ಹತ್ತಿರ ಹತ್ತಿರ ಬಂದಿದ್ದೀನಿ. ಅದಕ್ಕಿಂತ ಹೆಚ್ಚು ಈ ವಾದ್ಯದಲ್ಲಿ ಆಗಲ್ಲ ಅನ್ನಿಸುತ್ತೆ.

‘ಚಲ್ತೇ ಚಲ್ತೇ’ ಮುಗೀತು. ಕೈಫಿ ಆಜ್ಮಿ ಬರೆದದ್ದು. ರೈಲಿನಲ್ಲಿ ಮಲಗಿದ್ದ ನಾಯಕಿ ಸಾಹಿಬ್‌ಜಾನ್‌ಳ (ಮೀನಾ ಕುಮಾರಿ) ಪಾದ ನೋಡಿ ಚೀಟಿ ಬರೆದಿಟ್ಟು ಹೋದ ಸಲೀಮನ ನೆನಪು, ಕೋಠಾದಲ್ಲಿ ಕೂತವಳಿಗೆ ರೈಲು ಕೂಗಿದಾಗೆಲ್ಲ ಮರಳುತ್ತೆ. ಹಾಡು ಮುಗಿಯೋ ಹೊತ್ತಿಗೂ ಅದೇ ಸೀಟಿ. ಅದಕ್ಕೆ ಸ್ವರ ಹುಡುಕೋ ಗೋಜಿಗೆ ಹೋಗದೆ ‘ಇಲ್ಲಿ ಸೀಟಿ’ ಅಂತ ಬರೆದಿದ್ದೀನಿ. ಆ ಚೀಟಿ ಪ್ರಸಂಗ ಇವತ್ತಿಗೆ ಸ್ವಲ್ಪ ನಗು ತರಿಸುತ್ತೆ, ನಿಜ. ಕೊನೆಗೆ ಅದೇ ಸಲೀಮನ ಮದುವೆಯಲ್ಲಿ ಅವಳು ಒಡೆದ ಗಾಜಿನ ಮೇಲೆ ಕುಣಿಯೋದೂ ಅತಿಯೇ. ಆದರೆ ಅಲ್ಲಿ ‘ತೀರ್-ಎ-ನಜರ್’ ಶುರುವಾದರೆ ತಕರಾರು ತೆಗೆಯೋಕೆ ಬಾಯಿ ಬರಲ್ಲ.

ಗುಲಾಮ್ ಮಹಮ್ಮದ್ 1968ರಲ್ಲೇ ತೀರಿಕೊಂಡರು. ಈ ಯಶಸ್ಸು ನೋಡಲಿಲ್ಲ. ಚಿತ್ರ ಬಂದದ್ದು 1972ರ ಫೆಬ್ರವರಿಯಲ್ಲಿ, ಮಾರ್ಚ್ 31ಕ್ಕೆ ಮೀನಾ ಕುಮಾರಿಯೂ ಹೋದರು. ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ‘ಬೇಇಮಾನ್’ ಪಾಲಾಯಿತು. ಅದೇ ‘ಬೇಇಮಾನ್’ಗೆ ತಮಗೆ ಬಂದ ಪೋಷಕ ನಟ ಪ್ರಶಸ್ತಿಯನ್ನು ನಟ ಪ್ರಾಣ್ ಬೇಡವೆಂದರು, ಸಂಗೀತದ್ದು ಗುಲಾಮ್ ಮಹಮ್ಮದ್‌ಗೆ ಸಲ್ಲಬೇಕಿತ್ತು ಅಂತ. ಖಳನಾಗಿ ಬೈಸಿಕೊಂಡ ಮನುಷ್ಯ!

ಈಗ ಬಾಕಿ ಇರೋದು ಹಿನ್ನೆಲೆಯ ಠುಮ್ರಿಗಳು. ಹಿನ್ನೆಲೆ ಸಂಗೀತ ಪೂರೈಸಿದ್ದು ನೌಷಾದ್. ಗಾಯಕಿ ರಾಜಕುಮಾರಿಯ ‘ನಜರಿಯಾ ಕೀ ಮಾರಿ’, ಪರ್ವೀನ್ ಸುಲ್ತಾನಾರ ‘ಕೌನ್ ಗಲೀ ಗಯೋ ಶ್ಯಾಮ್’, ನಮ್ಮ ಕನ್ನಡ ಹಾಡುಗಳಿಂದ ಮನೆಮಾತಾದ ವಾಣಿ ಜಯರಾಂ ಹಾಡಿರೋದೊಂದು. ಚಿತ್ರದಲ್ಲಿ ತುಣುಕು ತುಣುಕಾಗಿ ಬರೋದರಿಂದ ಬರೆದುಕೊಳ್ಳೋದು ಕಷ್ಟ. ನನ್ನ ಮಟ್ಟಿಗೆ ಕೋಠಾದ ನಿಜವಾದ ದನಿ ಇವೇ. ಕ್ಯಾಮೆರಾಕ್ಕಾಗಿ ಅಲ್ಲ, ಅಲ್ಲಿನ ದಿನನಿತ್ಯದ ರಿಯಾಜ್ (ಅಭ್ಯಾಸ) ಕಿವಿಗೆ ಬಿದ್ದ ಹಾಗಿವೆ.

ಮೊದಲು ರಾಜಕುಮಾರಿಯದು ಹಿಡಿಯೋದು. ತಬಲಾ ಗೆಳೆಯ ಭಾನುವಾರ ಪುರುಸೊತ್ತು ಮಾಡಿಕೊಂಡು ಬಂದರೆ, ‘ತೀರ್-ಎ-ನಜರ್’ ವೇಗಕ್ಕೆ ನನ್ನ ಎಡಗೈ ತಿದಿ ತಾಳುತ್ತಾ ಅಂತಲೂ ನೋಡಬೇಕು.