ಸರ್‌ನೇಮ್ ಖಾಲಿ, ಟಿಕೆಟ್ ಕನ್ಫರ್ಮ್

ಟ್ರಾವೆಲ್ ಆಫೀಸಿನಲ್ಲಿ ವೀಸಾ ಡೆಸ್ಕ್ ನನ್ನದು. ಪ್ಯಾಕೇಜ್ ಮಾರುವವರು ಮುಂದೆ ಎಸಿಯಲ್ಲಿ ಕೂರುತ್ತಾರೆ, ನಾವು ಹಿಂದೆ ಜೆರಾಕ್ಸ್ ಮಷಿನ್ ಪಕ್ಕದಲ್ಲಿ. ಪಾರ್ಟಿಗೆ ರೇಟಿನ ಕೋಟ್ ಹೋಗಿ ಅಡ್ವಾನ್ಸ್ ಬಂದ ಮೇಲೆಯೇ ಪಾಸ್‌ಪೋರ್ಟ್ ನಮ್ಮ ಕಣ್ಣಿಗೆ ಬೀಳುವುದು. ಇದನ್ನು ಬದಲಿಸಿ ಎಂದು ಹೇಳಿ ಹೇಳಿ ಸಾಕಾಗಿದೆ. "ಮೊದಲೇ ಡಾಕ್ಯುಮೆಂಟ್ ಕೇಳಿದ್ರೆ ಪಾರ್ಟಿ ಬೇರೆ ಕಡೆ ಹೋಗ್ತಾರೆ ಕಣಯ್ಯಾ" ಅನ್ನುವುದು ಮ್ಯಾನೇಜರ್ ವಾದ.

2022ರ ನವೆಂಬರ್. ದುಬೈಗೆ ಹೊರಟ ಒಂದು ಕುಟುಂಬ. ಗಂಡ, ಹೆಂಡತಿ, ಮಗು, ಜೊತೆಗೆ ಹಾಸನದ ಕಡೆಯ ಅಜ್ಜಿ. ಎಲ್ಲರ ವೀಸಾನೂ ಬಂದಿತ್ತು. ಅಜ್ಜಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ. ಗಿವನ್ ನೇಮ್‌ನಲ್ಲಿ ಒಂದೇ ಹೆಸರು. ನಮ್ಮ ಕಡೆ ಇದೇನು ಹೊಸದಲ್ಲ. ಹೆಸರಿನ ಮುಂದೆ ಒಂದು ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಬರೆಯಬೇಕು. ಆ ರಗಳೆ ಯಾಕೆ ಅಂತ ಬಿಟ್ಟೇಬಿಡುತ್ತಾರೆ. ಟಿಕೆಟ್ ಸಿಸ್ಟಮ್ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲ್ಲ, ಅದಕ್ಕೆ ಅದೇ ಹೆಸರನ್ನು ಎರಡು ಸಲ ಹೊಡೆಯುತ್ತೇವೆ. ಅಮೆರಿಕದ ವೀಸಾದಲ್ಲಾದರೆ ಇದ್ದ ಒಂದು ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು, ಅಂದರೆ 'ಫಸ್ಟ್ ನೇಮ್ ಅನ್‌ನೋನ್' ಎಂದು ಬೀಳುತ್ತದೆ. ಎಷ್ಟೋ ಕನ್ನಡಿಗರು ಅಲ್ಲಿಗೆ ಹೋಗಿ ಮಿಸ್ಟರ್ ಎಫ್‌ಎನ್‌ಯು ಆಗಿದ್ದಾರೆ.

ಏಜೆಂಟರ ವಾಟ್ಸಾಪ್ ಗುಂಪಿನಲ್ಲಿ ಒಂದು ಸರ್ಕ್ಯುಲರ್ ಬಂತು. ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ವಿಸಿಟ್ ವೀಸಾದಲ್ಲಿ ಯುಎಇ ಒಳಗೆ ಬಿಡುವುದಿಲ್ಲ. ವೀಸಾ ಮೊದಲೇ ಆಗಿದ್ದರೂ ಅಲ್ಲಿ ಇಳಿದ ಮೇಲೆ ಇನಾಡ್, ಅಂದರೆ ಒಳಗೆ ಬಿಡದೆ ವಾಪಸ್. ಆ ಗುಂಪಿನಲ್ಲಿ ಬರುವುದರಲ್ಲಿ ಅರ್ಧ ಗಾಳಿಸುದ್ದಿ. ಹೆಬ್ಬೆರಳು ಒತ್ತಿ ಊಟಕ್ಕೆ ಹೋದೆ.

ಸಂಜೆ ಏರ್‌ಲೈನ್‌ನಿಂದಲೇ ಮೇಲ್ ಬಂತು. ಅಜ್ಜಿಯ ವಿಮಾನ ಬೆಳಗಿನ ಜಾವಕ್ಕೆ.

ಕಾಲ್ ಸೆಂಟರ್‌ಗೆ ಹಚ್ಚಿದೆ. ಮ್ಯೂಸಿಕ್ ಹಾಕಿ ಕೂರಿಸಿದರು. ಆಮೇಲೆ "ಏರ್‌ಪೋರ್ಟ್ ಸ್ಟೇಷನ್‌ಗೆ ಕೇಳಿ ಸಾರ್" ಅಂದರು. ಸ್ಟೇಷನ್‌ನವರು, ಅಂದರೆ ಏರ್‌ಪೋರ್ಟಿನಲ್ಲಿರುವ ಏರ್‌ಲೈನ್ ಸಿಬ್ಬಂದಿ, "ಪ್ಯಾಸೆಂಜರ್ ಬರಲಿ, ಕೌಂಟರ್‌ನಲ್ಲಿ ನೋಡೋಣ" ಅಂದರು. ಮ್ಯಾನೇಜರ್‌ದು ಒಂದೇ ಮಾತು: "ವೀಸಾ ಇದೆಯಲ್ವಾ, ಕಳಿಸು." ದುಬೈಯಲ್ಲಿ ವಾಪಸ್ ಕಳಿಸಿದರೆ ಆ ಹೊರೆ ಏರ್‌ಲೈನ್ ಮೇಲೆ ಬೀಳುತ್ತದೆ, ಹಾಗಾಗಿ ಅವರು ಇಲ್ಲೇ ತಡೆಯುತ್ತಾರೆ. ವಯಸ್ಸಾದವರನ್ನು ಮಧ್ಯರಾತ್ರಿ ದೇವನಹಳ್ಳಿಗೆ ಕರೆಸಿ ಬ್ಯಾಗ್ ಸಮೇತ ಹಿಂದಕ್ಕೆ ಕಳಿಸುವುದು ನನಗೆ ಆಗಲಿಲ್ಲ. ಫೋನ್ ಮಾಡುವುದು ಯಾರು ಅಂತ ತಲೆ ಎತ್ತಿದರೆ ಮ್ಯಾನೇಜರ್ ಕುರ್ಚಿ ಖಾಲಿ.

ಅಜ್ಜಿಯ ಮಗನಿಗೆ ನಾನೇ ಹೇಳಿದೆ. ಬೈದರು. ಬೈಯಲೇಬೇಕಿತ್ತು, ನಾವು "ವೀಸಾ ಓಕೆ" ಅಂತ ಮೆಸೇಜ್ ಹಾಕಿದ್ದೆವಲ್ಲ. ಅಷ್ಟರಲ್ಲಿ ಅಜ್ಜಿ ಫೋನ್ ಕಿತ್ತುಕೊಂಡರು. "ಏನಪ್ಪಾ, ನನ್ನ ಹೆಸರಲ್ಲಿ ಏನು ಐಬು? ಇಷ್ಟು ವರ್ಷ ಇದೇ ಹೆಸರಲ್ಲಿ ಸಂಸಾರ ಮಾಡಿದೀನಿ, ಯಾರೂ ಕೇಳಿರಲಿಲ್ಲ!" ನಾನು ಸರ್ಕ್ಯುಲರ್ ಓದಿ ಹೇಳಲು ಹೋದೆ. "ಅದಿರ್ಲಿ, ಚಕ್ಲಿ ಮಾಡಿಟ್ಟಿದೀನಲ್ಲ, ಅದನ್ನಾದ್ರೂ ಬಿಡ್ತಾರಾ?" ಅಂದರು.

ಚಕ್ಕುಲಿ ಹೋಯಿತು, ಅಜ್ಜಿ ಉಳಿದರು. ಕೆಲವೇ ದಿನಗಳಲ್ಲಿ ಒಂದು ಸಡಿಲಿಕೆಯೂ ಬಂತು: ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು. ಆದರೆ ಅದು ವೀಸಾ ಆನ್ ಅರೈವಲ್, ಅಂದರೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುವವರಿಗೆ ಮಾತ್ರ. ನಮ್ಮ ಪಾಸ್‌ಪೋರ್ಟಿನಲ್ಲಿ ಆ ವಿವರ ಇರುವುದು ಕೊನೇ ಪುಟದಲ್ಲಿ; ಅಜ್ಜಿಯದರಲ್ಲಿ ತಂದೆ, ತಾಯಿ, ಗಂಡ ಮೂವರ ಹೆಸರೂ ಇದ್ದವು. ಆದರೆ ಅವರದು ಮೊದಲೇ ಮಾಡಿಸಿದ ವೀಸಾ, ಪ್ರಯೋಜನವಿಲ್ಲ.

ಈಗ ಯಾರೇ ಫೋನ್ ಮಾಡಲಿ, ರೇಟು ಹೇಳುವ ಮೊದಲು ಪಾಸ್‌ಪೋರ್ಟಿನ ಮೊದಲ ಪುಟ, ಕೊನೇ ಪುಟ ಎರಡರ ಫೋಟೋ ತರಿಸಿಕೊಳ್ಳುತ್ತೇನೆ. ಮ್ಯಾನೇಜರ್‌ಗೆ ಗೊತ್ತಿಲ್ಲದೆ. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರಿಗೆ ಒಂದೇ ಮಾತು: ಅಪ್ಪನದೋ ಗಂಡನದೋ ಊರಿನದೋ, ಸರ್‌ನೇಮ್ ಕಾಲಂನಲ್ಲಿ ಏನಾದರೂ ಇರಲಿ, ಮತ್ತು ಅದು ಆಧಾರ್‌ನಲ್ಲೂ ಹಾಗೇ ಇರಲಿ. ಹಳೇದಿದ್ದರೆ ರೀಇಶ್ಯೂಗೆ ಹಾಕಿ. ಟಿಕೆಟ್ ಮಾಡಿಸಿದ ಮೇಲಲ್ಲ, ಮೊದಲು. ನಮ್ಮ ಹೆಸರಿಡುವ ರೀತಿಯಲ್ಲಿ ತಪ್ಪೇನೂ ಇಲ್ಲ, ಆದರೆ ಫಾರ್ಮಿನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ಅಜ್ಜಿಯ ಟಿಕೆಟ್ ದುಡ್ಡು ಬಂತು. ವೀಸಾ ಫೀ ಬರಲಿಲ್ಲ, ಹೋಟೆಲ್‌ನವರೂ ಕೊಡಲಿಲ್ಲ. ಅದನ್ನು ಆಫೀಸ್ ತುಂಬಬೇಕೋ ಪಾರ್ಟಿ ತುಂಬಬೇಕೋ ಎಂಬ ಮೇಲ್ ಸರಪಳಿಯಲ್ಲಿ ನನ್ನನ್ನು ಇವತ್ತಿಗೂ ಸಿಸಿ ಹಾಕಿಯೇ ಇದ್ದಾರೆ.